ಜೊತೆಗೆ ಯಾರು ಬಂದಿದ್ದಾರೆ?

ಬ್ಯಾಂಕಿರಲಿ, ತಾಲ್ಲೂಕು ಕಚೇರಿಯಿರಲಿ, ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯಿರಲಿ, ನನ್ನ ಅಪ್ಪ ಅಮ್ಮ ಹೋಗಿ ನಿಂತರೆ ಒಳಗಿದ್ದವರಿಂದ ಬರುವ ಮೊದಲ ಪ್ರಶ್ನೆ ಒಂದೇ: ‘ಜೊತೆಗೆ ಯಾರು ಬಂದಿದ್ದಾರೆ?’ ಹೆಸರು ಕೇಳುವುದಿಲ್ಲ, ಏನು ಕೆಲಸವಾಗಬೇಕು ಎಂದೂ ಕೇಳುವುದಿಲ್ಲ. ಅಪ್ಪ ಕಿವಿ ಮುಟ್ಟಿ, ಕೈಯಾಡಿಸಿ, ತನಗೆ ಕೇಳಿಸದು ಎಂದು ತೋರಿಸಿದ ಕೂಡಲೇ ಎದುರಿನವರ ದೃಷ್ಟಿ ಅವನ ಮುಖದಿಂದ ಜಾರಿ ಹಿಂದಿನ ಸಾಲಿನಲ್ಲಿ ಹುಡುಕತೊಡಗುತ್ತದೆ. ಆ ಹುಡುಕಾಟಕ್ಕೆ ಸಿಗುತ್ತಿದ್ದವಳು ನಾನು. ಕೌಂಟರಿನ ಕಟ್ಟೆ ನನ್ನ ಮೂಗಿನ ಮಟ್ಟಕ್ಕಿದ್ದ ಕಾಲದಿಂದಲೂ ಕಾಲ ಬೆರಳಿನ ಮೇಲೆ ನಿಂತು ‘ನಾನು ಬಂದಿದ್ದೇನೆ’ ಎಂದು ಹೇಳುತ್ತಾ ಬಂದಿದ್ದೇನೆ.

ಪ್ರಶ್ನೆಯಲ್ಲಿ ಒರಟುತನವೇನೂ ಇಲ್ಲ. ಬಹಳ ಸಲ ಕನಿಕರದಿಂದಲೇ ಕೇಳುತ್ತಾರೆ, ‘ಪಾಪ’ ಎಂಬ ಒಗ್ಗರಣೆಯೂ ಇರುತ್ತದೆ. ಆದರೂ ವಯಸ್ಸಾದಂತೆ ಅದು ನನ್ನನ್ನು ಕೊರೆಯುವುದು ಹೆಚ್ಚಾಗಿದೆ. ಗುಮಾಸ್ತನ ಮಾತು ಅಪ್ಪನಿಗೆ ತಿಳಿಯುವುದಿಲ್ಲ, ಅಪ್ಪನ ಮಾತು ಗುಮಾಸ್ತನಿಗೆ ತಿಳಿಯುವುದಿಲ್ಲ. ತೊಡಕು ಇಬ್ಬರದೂ. ಆದರೆ ಅದನ್ನು ಬಿಡಿಸಲು ಆಳನ್ನು ಕರೆತರಬೇಕಾದವನು ಮಾತ್ರ ಯಾವಾಗಲೂ ಅಪ್ಪ. ಅದೂ ತನ್ನ ಮನೆಯಿಂದ, ತನ್ನ ಖರ್ಚಿನಲ್ಲಿ. ಹಾಗೆ ಬಂದ ಆಳು ಮೂರನೆಯ ತರಗತಿಯ ಹುಡುಗಿಯಾಗಿದ್ದರೆ ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ. ‘ಜಾಣೆ’ ಎಂದು ಕೆನ್ನೆ ಹಿಂಡಿ, ಸಾಲದ ಬಡ್ಡಿಯ ವಿಷಯವನ್ನು ನನಗೆ ಹೇಳುತ್ತಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಪ್ಪನನ್ನು ಏಕವಚನದಲ್ಲಿ ಬರೆಯುತ್ತಿರುವುದನ್ನು ಕಂಡು ಯಾರೂ ಹುಬ್ಬು ಗಂಟಿಕ್ಕಬೇಡಿ. ‘ಅಪ್ಪಾ, ಬನ್ನಿ’ ಎಂದೂ ನಾನು ಕರೆದವಳಲ್ಲ, ‘ಅಪ್ಪಾ, ಬಾ’ ಎಂದೂ ಕರೆದವಳಲ್ಲ. ನಮ್ಮ ಮನೆಯ ಕೈಮಾತಿನಲ್ಲಿ ‘ನೀನು’ ಎನ್ನಲೂ ‘ನೀವು’ ಎನ್ನಲೂ ಎದುರಿನವರತ್ತ ಚಾಚುವ ಬೆರಳು ಒಂದೇ. ಮರ್ಯಾದೆ, ಸಲಿಗೆ, ಸಿಟ್ಟು ಎಲ್ಲವೂ ಮುಖದ ಪಾಲು. ಕನ್ನಡದಲ್ಲಿ ಬರೆಯಲು ಕುಳಿತಾಗಲೇ ಈ ಆಯ್ಕೆಯ ತಾಪತ್ರಯ ಎದುರಾದದ್ದು. ಏಕವಚನ ಹತ್ತಿರವೆನಿಸಿತು, ಅಷ್ಟೇ.

ಗದ್ದಲದ ಮನೆ

‘ನಿಮ್ಮ ಮನೆ ಎಷ್ಟು ನಿಶ್ಶಬ್ದವಾಗಿರಬೇಕು, ಓದಿಕೊಳ್ಳಲು ಒಳ್ಳೆಯದು’ ಎಂದು ಶಾಲೆಯಲ್ಲಿ ಟೀಚರೊಬ್ಬರು ಹೇಳಿದ್ದುಂಟು. ಮೈಸೂರಿನ ನಮ್ಮ ವಠಾರದಲ್ಲಿ ನಮ್ಮಷ್ಟು ಗದ್ದಲದ ಮನೆ ಇನ್ನೊಂದಿರಲಿಲ್ಲ. ತನ್ನ ಸದ್ದು ತನಗೆ ಕೇಳದ ಮೇಲೆ ಪಾತ್ರೆಯನ್ನು ಮೆಲ್ಲಗೆ ಇಡಬೇಕೆಂದು ಯಾರಿಗೆ ತಾನೇ ತೋಚುತ್ತದೆ? ಅಮ್ಮ ಕುಕ್ಕರನ್ನು ಕೂಗಿನ ಲೆಕ್ಕದಲ್ಲಿ ಇಳಿಸಿದವಳಲ್ಲ. ಆವಿ ಚಿಮ್ಮುವುದನ್ನು ನೋಡಿ, ಬೇಳೆಯ ವಾಸನೆ ಹಿಡಿದು ಇಳಿಸುತ್ತಿದ್ದಳು. ರಾತ್ರಿ ಹನ್ನೊಂದಕ್ಕೆ ಹೊಲಿಗೆ ಯಂತ್ರ ತುಳಿಯಲು ಕೂತರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಬಡಿತ ಕೇಳುತ್ತಿದ್ದುದು ನನಗೊಬ್ಬಳಿಗೇ. ನಿದ್ದೆಗಣ್ಣಿನಲ್ಲಿ ಎದ್ದು ಅಮ್ಮನ ಭುಜ ತಟ್ಟುತ್ತಿದ್ದೆ. ಅಪ್ಪ ಅಮ್ಮ ಇಬ್ಬರೂ ರಭಸದಿಂದ ಮಾತಿಗಿಳಿದರೆ ಗಂಟಲಿನಿಂದ ತಮಗೇ ಗೊತ್ತಿಲ್ಲದ ದನಿಗಳು ಹೊರಡುತ್ತಿದ್ದವು. ಅವರ ನಗುವಂತೂ ಬೀದಿಯ ತಿರುವಿನವರೆಗೆ ಕೇಳುತ್ತಿತ್ತು.

ಒಬ್ಬರನ್ನೊಬ್ಬರು ಕರೆಯುವುದೂ ಒಂದು ವಿದ್ಯೆ. ಹಲಗೆಯ ಅಟ್ಟದ ಮೇಲಿದ್ದರೆ ಕಾಲು ಕುಟ್ಟಿದರೆ ಸಾಕು, ನಡುಕ ತಲುಪುತ್ತದೆ. ಕೆಳಗೆ ಕೆಂಪು ಸಿಮೆಂಟಿನ ನೆಲ. ಅದು ಎಷ್ಟು ಕುಟ್ಟಿದರೂ ಜಪ್ಪಯ್ಯ ಎನ್ನದು. ಆದ್ದರಿಂದ ದೀಪದ ಸ್ವಿಚ್ಚನ್ನು ಟಪಟಪನೆ ಒತ್ತುವುದು, ಅದೂ ಆಗದಿದ್ದರೆ ಟವೆಲ್ಲೋ ತಲೆದಿಂಬೋ ಕೈಗೆ ಸಿಕ್ಕಿದ್ದನ್ನು ಗುರಿಯಿಟ್ಟು ಎಸೆಯುವುದು. ಲೋಡ್ ಶೆಡ್ಡಿಂಗಿನ ಸಂಜೆಗಳಲ್ಲಿ ಮಾತ್ರ ನಮ್ಮ ಮನೆಯಲ್ಲಿ ನಿಜವಾದ ಮೌನವಿರುತ್ತಿತ್ತು. ಬೆಳಕು ಹೋದರೆ ಮಾತೂ ಹೋಯಿತು. ಜಗಳದ ನಡುವೆ ಕರೆಂಟು ಹೋದರೆ ಇಬ್ಬರೂ ಕತ್ತಲಲ್ಲಿ ಬುಸುಗುಟ್ಟುತ್ತಾ ಕೂತಿರುತ್ತಿದ್ದರು. ದೀಪ ಬಂದ ಕೂಡಲೇ ಸರಿಯಾಗಿ ನಿಂತಲ್ಲಿಂದಲೇ, ಅದೇ ಬೈಗುಳದ ಉಳಿದರ್ಧದಿಂದ, ಕೈಗಳು ಮುಂದುವರಿಯುತ್ತಿದ್ದವು. ಮೇಣದ ಬತ್ತಿ ಹಚ್ಚಿ ಜಗಳ ಮುಗಿಸಿಕೊಂಡದ್ದೂ ಇದೆ.

ಕಿವುಡ ದಂಪತಿಗೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಕಿವಿ ಕೇಳುತ್ತದೆ ಎನ್ನುವುದು ಇಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ನಾನು ಹುಟ್ಟಿದಾಗ ನಮ್ಮ ಬಂಧುಗಳಿಗೆ ಈ ಲೆಕ್ಕ ಗೊತ್ತಿರಲಿಲ್ಲ. ತೊಟ್ಟಿಲ ಬಳಿ ಕಂಚಿನ ಜಾಗಟೆ ಬಾರಿಸಿ ನಾನು ಬೆಚ್ಚಿದಾಗ ಅಜ್ಜಿ ದೇವರಿಗೆ ಕೈ ಮುಗಿದಳಂತೆ. ಆಮೇಲೆ ಇನ್ನೊಂದು ಚಿಂತೆ ಶುರುವಾಯಿತು: ಮಾತಾಡದ ಮನೆಯಲ್ಲಿ ಮಗುವಿಗೆ ಮಾತು ಬರುವುದು ಹೇಗೆ? ಊರಿನಲ್ಲಿ ಬಿಟ್ಟುಬಿಡಿ, ನಾವು ಸಾಕುತ್ತೇವೆ ಎಂದು ದೊಡ್ಡಮ್ಮ ಕೇಳಿದರು. ಅಮ್ಮ ನನ್ನನ್ನು ಎತ್ತಿಕೊಂಡು ಎದ್ದು ಹೋದಳು, ಅದೇ ಉತ್ತರ. ರಾತ್ರಿ ನಾನು ಅತ್ತರೆ ತಿಳಿಯಲೆಂದು ಅಂಗೈಯನ್ನು ನನ್ನ ಎದೆಯ ಮೇಲಿಟ್ಟುಕೊಂಡೇ ಮಲಗುತ್ತಿದ್ದಳಂತೆ. ಅಷ್ಟು ಮಾಡಿದವಳಿಗೆ ಮಗುವಿಗೆ ಮಾತು ಕಲಿಸುವುದು ಅಸಾಧ್ಯವೆನಿಸಲಿಲ್ಲ.

ವಠಾರದ ಹಿರಿಯರೊಬ್ಬರ ಸಲಹೆಯಂತೆ ಅಪ್ಪ ಸಯ್ಯಾಜಿರಾವ್ ರಸ್ತೆಗೆ ಹೋಗಿ ಒಂದು ರೇಡಿಯೊ ಕೊಂಡು ತಂದ. ಕಿವುಡನೊಬ್ಬ ರೇಡಿಯೊ ಕೊಳ್ಳಲು ಬಂದಾಗ ಅಂಗಡಿಯವನ ಮುಖ ಹೇಗಿತ್ತು ಎಂಬುದನ್ನು ಅಪ್ಪ ಈಗಲೂ ನಟಿಸಿ ತೋರಿಸುತ್ತಾನೆ. ಸ್ಪೀಕರಿನ ಬಟ್ಟೆಯ ಮೇಲೆ ಬೆರಳಿಟ್ಟು, ಅದರುತ್ತದೆಯೇ ಎಂದು ಒಂದೊಂದನ್ನೂ ಪರೀಕ್ಷಿಸಿ, ಹೆಚ್ಚು ಅದರಿದ್ದನ್ನು ಆರಿಸಿದನಂತೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅದನ್ನು ಹಾಕಿ, ಬೆರಳಿಟ್ಟು ನೋಡಿ, ತೃಪ್ತಿಯಿಂದ ತಲೆಯಾಡಿಸಿ ಹೋಗುತ್ತಿದ್ದ. ಸ್ಟೇಷನ್ ತಪ್ಪಿದರೂ ಸ್ಪೀಕರು ಅದರುತ್ತದಲ್ಲ! ಹಾಗಾಗಿ ಎಷ್ಟೋ ದಿನ ಮೈಸೂರು ಆಕಾಶವಾಣಿಯ ಬದಲು ಗಂಟೆಗಟ್ಟಲೆ ಬರೀ ಗರಗರ ಸದ್ದು ನನ್ನ ಪಾಠವಾಗಿತ್ತು. ಅಜ್ಜಿ ಬಂದಾಗ ಮುಳ್ಳು ತಿರುಗಿಸಿ ವಂದನೆ, ಚಿಂತನ, ಪ್ರದೇಶ ಸಮಾಚಾರಕ್ಕೆ ತಂದು ನಿಲ್ಲಿಸುತ್ತಿದ್ದಳು. ನನಗೆ ಮಾತು ಬಂದದ್ದು ರೇಡಿಯೊದಿಂದಲ್ಲ, ವಠಾರದ ಮಕ್ಕಳಿಂದ ಮತ್ತು ನಲ್ಲಿಯ ಬಳಿಯ ಹೆಂಗಸರಿಂದ. ಆದರೆ ಅದಕ್ಕೂ ಮುಂಚೆ ಕೈ ಮಾತು ಕಲಿತಿತ್ತು. ‘ಹಾಲು’, ‘ಇನ್ನೂ ಬೇಕು’ ಎಂದು ನಾನು ಮೊದಲು ಹೇಳಿದ್ದು ಬೆರಳುಗಳಲ್ಲಿ ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಾಳೆ.

ಪಾಲು

ಅಪ್ಪ ಅಚ್ಚುಮೊಳೆ ಜೋಡಿಸುವವನು, ಕಂಪಾಜಿಟರ್. ಕಿವುಡರ ಶಾಲೆಗಳಲ್ಲಿ ಮುದ್ರಣ, ಹೊಲಿಗೆ, ಪುಸ್ತಕದ ಬೈಂಡಿಂಗು ಇಂಥವನ್ನೇ ಹೇಳಿಕೊಡುತ್ತಿದ್ದ ಕಾಲ ಅದು. ಯಂತ್ರದ ಅಬ್ಬರದಲ್ಲಿ ಉಳಿದವರು ಕಿರುಚಿಕೊಂಡು ಮಾತಾಡಬೇಕಾಗಿದ್ದ ಪ್ರೆಸ್ಸಿನಲ್ಲಿ ಅಪ್ಪನೇ ಎಲ್ಲರಿಗಿಂತ ನೆಮ್ಮದಿಯಾಗಿದ್ದ. ಕನ್ನಡದ ಮೊಳೆಗಳನ್ನಿಡುವ ಕೇಸಿನಲ್ಲಿ ಮನೆಗಳು ಹೆಚ್ಚು. ಗುಣಿತ ಬೇರೆ, ಒತ್ತು ಬೇರೆ. ಅಪ್ಪ ಕೇಸಿನತ್ತ ನೋಡದೆ ಮೊಳೆ ಹೆಕ್ಕುತ್ತಿದ್ದ. ಮದುವೆಯ ಕರೆಯೋಲೆ, ಪಿಎಚ್‌.ಡಿ. ಪ್ರಬಂಧ, ಪತ್ರಬರಹಗಾರರ ನಮೂನೆಗಳು, ಎಲ್ಲವೂ ಅವನ ಕೈಯಿಂದ ತಪ್ಪಿಲ್ಲದೆ ಹೊರಬರುತ್ತಿದ್ದವು. ಅದೇ ಅಪ್ಪ ಮನೆಯಲ್ಲಿ ನನಗೆ ಚೀಟಿ ಬರೆದಿಟ್ಟರೆ ಹೀಗಿರುತ್ತಿತ್ತು: ‘ನಾನು ಪ್ರೆಸ್ ಹೋಗು. ಅಮ್ಮ ಮಾರ್ಕೆಟ್. ನೀನು ಅನ್ನ ತಿನ್ನು ಶಾಲೆ.’ ವಿಭಕ್ತಿಯಿಲ್ಲ, ಕಾಲವಿಲ್ಲ. ಸನ್ನೆಯಲ್ಲಿ ಯಾರಿಂದ ಯಾರಿಗೆ ಎಂಬುದನ್ನು ಗಾಳಿಯಲ್ಲಿ ಗುರುತಿಸಿದ ಜಾಗಗಳೇ ಹೇಳುತ್ತವೆ. ಅದಕ್ಕೆ ‘ಇಗೆ’, ‘ಇಂದ’ಗಳ ಹಂಗಿಲ್ಲ. ಬರವಣಿಗೆಯ ವ್ಯಾಕರಣವನ್ನು ಶಾಲೆ ಕಲಿಸಬೇಕಿತ್ತು. ಶಾಲೆ ಅಷ್ಟೂ ವರ್ಷಗಳನ್ನು ಅಪ್ಪನ ಬಾಯಿಂದ ಸದ್ದು ಹೊರಡಿಸಲು ಕಳೆಯಿತು. ತುಟಿಯ ಮುಂದೆ ಕಾಗದದ ಚೂರು ಹಿಡಿದು ‘ಪ’ ಎನ್ನುವಾಗ ಅದು ಅಲುಗುತ್ತದೆಯೇ ಎಂದು ನೋಡುವುದು, ಮೇಷ್ಟರ ಗಂಟಲ ಮೇಲೆ ಕೈಯಿಟ್ಟು ‘ಬ’ದ ನಡುಕ ಹಿಡಿಯುವುದು. ತರಗತಿಯಲ್ಲಿ ಸನ್ನೆ ಮಾಡಿದರೆ ಬೆರಳ ಗೆಣ್ಣಿಗೆ ಏಟು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಉಪಾಧ್ಯಾಯರ ಸಮ್ಮೇಳನವೊಂದು ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕು ಎಂದು ನಿರ್ಣಯಿಸಿತ್ತು. ಆ ನಿರ್ಣಯದ ಏಟು ನಮ್ಮೂರಿನ ಹುಡುಗನ ಬೆರಳಿಗೂ ಬಿತ್ತು. ಅಪ್ಪ ನಿಜವಾದ ಭಾಷೆ ಕಲಿತದ್ದು ರಾತ್ರಿ ಹಾಸ್ಟೆಲಿನಲ್ಲಿ, ಹಿರಿಯ ಹುಡುಗರಿಂದ.

ನಾನು ಏಳನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ತಾತ ತೀರಿಕೊಂಡು ಆಸ್ತಿ ಪಾಲಾಗುವ ಮಾತು ಬಂತು. ಊರು ನಂಜನಗೂಡಿನ ಹತ್ತಿರ. ಕಬಿನಿ ನಾಲೆಯ ನೀರು ಬರುವ ತರಿ ಜಮೀನು ಸ್ವಲ್ಪ, ಮೇಲಿನ ಖುಷ್ಕಿ ಜಾಸ್ತಿ. ಜಗಲಿಯ ಮೇಲೆ ಚಾಪೆ ಹಾಸಿ ದೊಡ್ಡಪ್ಪ, ಚಿಕ್ಕಪ್ಪ, ಊರಿನ ನಾಲ್ಕು ಜನ ಹಿರಿಯರು, ಒಬ್ಬ ಪತ್ರಬರಹಗಾರ ಕೂತಿದ್ದರು. ಅಪ್ಪನನ್ನು ಎದುರಿಗೆ ಕೂರಿಸಿ, ನನ್ನನ್ನು ಮಧ್ಯೆ ಕೂರಿಸಿದರು. ಒಂದು ಗಂಟೆಯಷ್ಟು ಹೊತ್ತು ಅವರವರೇ ಮಾತಾಡಿಕೊಂಡರು. ನಾನು ಸಾಧ್ಯವಾದಷ್ಟನ್ನು ಅಪ್ಪನಿಗೆ ದಾಟಿಸುತ್ತಿದ್ದೆ. ನಾಲ್ಕು ಬಾಯಿ ಒಟ್ಟಿಗೆ ಮಾತಾಡುವಾಗ ಎರಡು ಕೈ ಏನು ಮಾಡೀತು? ಆಮೇಲೆ ದೊಡ್ಡಪ್ಪ ಮೃದುವಾಗಿ ನನ್ನ ಕಡೆ ತಿರುಗಿ, ‘ನಿಮ್ಮಪ್ಪನಿಗೆ ಹೇಳು ಮಗಳೇ, ಖಾತೆ ಬದಲಾವಣೆಗೆ ಒಂದು ರುಜು ಬೇಕು ಅಂತ’ ಎಂದರು. ನಾನು ಹಾಗೆಯೇ ಹೇಳಿದೆ. ಅಪ್ಪ ಪೆನ್ನು ತೆಗೆದುಕೊಂಡ.

ಕಾಗದ ದೊಡ್ಡಪ್ಪನ ಮುಂದಿತ್ತು. ಅವರಿಗೆ ನೇರವಾಗಿ, ಅಪ್ಪನಿಗೆ ತಲೆಕೆಳಗಾಗಿ. ತಲೆಕೆಳಗಾದ ಅಕ್ಷರ ಓದುವುದೇ ತನ್ನ ತಮ್ಮನ ಕಸುಬು ಎಂಬುದು ದೊಡ್ಡಪ್ಪನಿಗೆ ಹೊಳೆದಿರಲಿಲ್ಲ. ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ‘ಹಕ್ಕು ಖುಲಾಸೆ ಪತ್ರ’ ಎಂಬ ಶೀರ್ಷಿಕೆಯನ್ನು ಅಪ್ಪ ಎಷ್ಟು ಸಲ ತಾನೇ ಮೊಳೆಯಿಂದ ಕಟ್ಟಿದ್ದನೋ. ಪೆನ್ನನ್ನು ಕೆಳಗಿಟ್ಟ. ಶೀರ್ಷಿಕೆಯ ಮೇಲೆ ಬೆರಳಿಟ್ಟು ನನ್ನತ್ತ ತಿರುಗಿದ. ‘ಇದು ಬಿಟ್ಟುಕೊಡುವ ಕಾಗದ. ಖಾತೆಯದಲ್ಲ. ಕೇಳು.’ ಕೇಳಿದೆ. ಜಗಲಿಯ ಮೇಲೆ ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಒಬ್ಬ ಹಿರಿಯರು ಎಲೆಯಡಿಕೆ ಉಗಿದು ಬಂದು, ‘ಅವನಿಗೆ ಪಟ್ಟಣದಲ್ಲಿ ಕೆಲಸ ಇದೆಯಲ್ಲ. ಹಿಂದಿನ ಕಾಲದಲ್ಲಾಗಿದ್ದರೆ ಮೂಗನಿಗೆ ಪಾಲಾದರೂ ಎಲ್ಲಿತ್ತು’ ಎಂದರು.

ಆ ಹಿರಿಯರು ಹೇಳಿದ್ದು ಸುಳ್ಳೇನಲ್ಲ ಎಂದು ಬಹಳ ವರ್ಷಗಳ ನಂತರ ಓದಿ ತಿಳಿದುಕೊಂಡೆ. ಹುಟ್ಟು ಕುರುಡ, ಹುಟ್ಟು ಕಿವುಡ, ಮೂಕ, ಇವರಿಗೆ ಪಾಲಿಲ್ಲ, ಅನ್ನಬಟ್ಟೆ ಕೊಟ್ಟರೆ ಸಾಕು ಎಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಇದು ಗ್ರಂಥದಲ್ಲೇ ಉಳಿದ ಮಾತೂ ಅಲ್ಲ. ಬ್ರಿಟಿಷ್ ಇಂಡಿಯಾದ ನ್ಯಾಯಾಲಯಗಳು ಇದನ್ನು ಕಾನೂನೆಂದೇ ಪಾಲಿಸುತ್ತಿದ್ದವು. ಅದನ್ನು ತೆಗೆದುಹಾಕಲು 1928ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಮು ಕಾಯಿಲೆ, ಊನ, ಅಂಗವೈಕಲ್ಯದ ಕಾರಣಕ್ಕೆ ಯಾರ ವಾರಸು ಹಕ್ಕೂ ತಪ್ಪುವುದಿಲ್ಲ ಎಂದು ಖಚಿತವಾಗಿ ಹೇಳಿತು. ಜಗಲಿಯ ಮೇಲೆ ಕೂತಿದ್ದವರಿಗೆ ಕಲಮು ಗೊತ್ತಿರಲಿಲ್ಲ. ಮನುವನ್ನೂ ಅವರು ಓದಿರಲಿಲ್ಲ, ಆದರೆ ಅವನ ಮಾತು ಮಾತ್ರ ಹೇಗೋ ಬಂದು ಮುಟ್ಟಿತ್ತು.

ಅಪ್ಪನ ಸಿಟ್ಟು ನೆತ್ತಿಗೇರಿತು. ಅವನ ಕೈಗಳು ಹೇಳಿದ್ದನ್ನು ನಾನು ಬಾಯಲ್ಲಿ ಹೇಳಬೇಕು. ‘ಮೋಸ ಮಾಡಲು ನನ್ನ ಮಗಳ ಬಾಯಿಯೇ ಬೇಕಾಗಿತ್ತೇ ನಿನಗೆ? ನಾಲೆಯ ಕೆಳಗೆ ನನ್ನ ಪಾಲು ಅಳೆದು ಕೊಡು. ಅಲ್ಲಿಯವರೆಗೆ ಈ ಮನೆಯಲ್ಲಿ ನೀರು ಮುಟ್ಟುವುದಿಲ್ಲ.’ ಇದನ್ನು ದೊಡ್ಡಪ್ಪನಿಗೆ ‘ನೀವು’ ಎಂದು ಹೇಳಿದರೆ ಸಿಟ್ಟೇ ದಾಟುವುದಿಲ್ಲ. ‘ನೀನು’ ಎಂದೇ ಹೇಳಿದೆ, ಅಪ್ಪನ ಮುಖದಲ್ಲಿದ್ದಷ್ಟೇ ಜೋರಾಗಿ. ದೊಡ್ಡಪ್ಪ ಕೈಯೆತ್ತಿ, ‘ಬಾಯಿ ಮುಚ್ಚು! ದೊಡ್ಡವರ ಎದುರಿಗೆ ಹೀಗಾ ಮಾತಾಡುವುದು’ ಎಂದು ಗದರಿದರು. ನಾನು ಅದನ್ನೂ ಅಪ್ಪನಿಗೆ ಹೇಳಿದೆ, ಹೇಳುವುದು ನನ್ನ ಕೆಲಸವಾಗಿತ್ತಲ್ಲ. ಅಪ್ಪ ಸ್ವಲ್ಪ ಯೋಚಿಸಿ ಕೈಯಾಡಿಸಿದ: ‘ಅವಳು ಬಾಯಿ ಮುಚ್ಚಿದರೆ ನನ್ನ ಹತ್ತಿರ ಮಾತಾಡುವವರು ನಿಮ್ಮಲ್ಲಿ ಯಾರಿದ್ದೀರಿ ಎಂದು ಕೇಳು.’

ಯಾರೂ ಇರಲಿಲ್ಲ. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರಿಗೆ ಅಪ್ಪನೊಡನೆ ಆಡಲು ಬರುತ್ತಿದ್ದುದು ಊಟ, ನಿದ್ದೆ, ದನ, ಮಳೆ, ದುಡ್ಡು ಇಂಥ ಹತ್ತಿಪ್ಪತ್ತು ಸನ್ನೆಗಳು. ಅಷ್ಟರಲ್ಲಿ ಪ್ರೀತಿಯಿಂದ ಬದುಕಬಹುದು, ಬದುಕಿದ್ದರು ಕೂಡ. ಜಮೀನು ಹಂಚಿಕೊಳ್ಳಲು ಅದು ಸಾಲದು. ಮುಂದೆ ಎರಡು ಪಂಚಾಯ್ತಿಗಳಾಗಿ ಅಪ್ಪನ ಪಾಲಿನ ತರಿ ಅಪ್ಪನಿಗೆ ಬಂತು. ಅಣ್ಣತಮ್ಮಂದಿರು ಒಂದಾದರು. ದೊಡ್ಡಪ್ಪ ತೀರಿಕೊಳ್ಳುವ ತನಕ ನನ್ನನ್ನು ಮಾತ್ರ ‘ಬಾಯಿಬಡುಕಿ’ ಎಂದೇ ಕರೆದರು. ಆಡಿದವನನ್ನು ಕ್ಷಮಿಸಿ, ದಾಟಿಸಿದವಳ ಮೇಲೆ ಹಗೆ ಉಳಿಸಿಕೊಂಡರು.

ದಿನಕ್ಕೆ ಐದು

ನಾನು ಕೆಲಸಕ್ಕೆಂದು ಬೆಂಗಳೂರಿಗೆ ಬಂದಾಗ ಅಪ್ಪ ಅಮ್ಮನಿಗೂ ನನಗೂ ನಡುವೆ ಇದ್ದದ್ದು ಎಸ್ಸೆಮ್ಮೆಸ್. ಪಕ್ಕದ ಮನೆಯ ಫೋನಿಗೆ ಕರೆ ಮಾಡಿ, ಅವರು ಬಂದು ಕೈಸನ್ನೆಯಲ್ಲಿ ‘ಮಗಳು, ಚೆನ್ನಾಗಿದ್ದಾಳೆ’ ಎಂದು ಹೇಳಿ ಹೋಗುವ ಕಾಲ ಮುಗಿದಿತ್ತು. ಅಪ್ಪನ ಬಟನ್ ಫೋನು ಅವನ ಅಂಗಿಯ ಎದೆಜೇಬಿನಲ್ಲಿ, ಅದರಿದರೆ ತಿಳಿಯಲೆಂದು. ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ವಿಭಕ್ತಿಯಿಲ್ಲದ ಕನ್ನಡ.

2012ರ ಆಗಸ್ಟ್ ತಿಂಗಳು ನೆನಪಿರಬೇಕು. ತಮ್ಮ ಮೇಲೆ ದಾಳಿಯಾಗುತ್ತದೆ ಎಂಬ ವದಂತಿಗೆ ಹೆದರಿದ ಈಶಾನ್ಯ ರಾಜ್ಯಗಳ ಜನ ಬೆಂಗಳೂರಿನ ನಿಲ್ದಾಣದಲ್ಲಿ ಗುವಾಹಟಿಯ ರೈಲಿಗೆ ಮುಗಿಬಿದ್ದ ದಿನಗಳು. ವದಂತಿ ತಡೆಯಲು ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಮಾಡಿತು. ಉದ್ದೇಶ ಒಳ್ಳೆಯದೇ. ‘ಐದು ಸಾಲದಿದ್ದರೆ ಕರೆ ಮಾಡಿ ಮಾತಾಡಿದರಾಯಿತು’ ಎಂದು ಕಚೇರಿಯಲ್ಲಿ ಎಲ್ಲರೂ ಅಂದುಕೊಂಡರು, ಆದೇಶ ಹೊರಡಿಸಿದವರೂ ಹಾಗೆಯೇ ಅಂದುಕೊಂಡಿರಬೇಕು. ಅಪ್ಪನಿಗೆ ಮೊದಲ ದಿನ ಇದು ತಿಳಿಯಲೇ ಇಲ್ಲ. ‘ಊಟ’, ‘ಹೂಂ’, ‘ಮಳೆ’ ಎಂದು ಮಧ್ಯಾಹ್ನದೊಳಗೆ ಐದನ್ನೂ ಖರ್ಚು ಮಾಡಿಕೊಂಡು, ಸಂಜೆ ಅಮ್ಮನಿಗೆ ಎದೆನೋವೆಂದು ಕಳಿಸಿದ್ದು ಹೋಗದೆ, ಫೋನೇ ಕೆಟ್ಟಿದೆಯೆಂದು ರಿಪೇರಿ ಅಂಗಡಿಗೆ ಓಡಿದ. ಅಮ್ಮನದು ಬರೀ ಗ್ಯಾಸ್ಟ್ರಿಕ್ ಎಂದು ಆಮೇಲೆ ತಿಳಿಯಿತು, ಬಿಡಿ. ಕೆಲವು ದಿನಗಳಲ್ಲಿ ಮಿತಿಯನ್ನು ಇಪ್ಪತ್ತಕ್ಕೆ ಏರಿಸಿದರು. ದೇಶದ ಒಳಿತಿಗಾಗಿ ತೊಂದರೆ ತಾಳಿಕೊಳ್ಳುವುದಕ್ಕೆ ಅಪ್ಪನ ತಕರಾರಿರಲಿಲ್ಲ. 2011ರ ಜನಗಣತಿಯಲ್ಲಿ ಕಿವಿಯ ಊನವುಳ್ಳವರೆಂದು ಎಣಿಸಿದ ಐವತ್ತು ಲಕ್ಷ ಜನರಲ್ಲಿ ಒಬ್ಬನಾದರೂ ಆ ಆದೇಶ ಬರೆದವರ ನೆನಪಿಗೆ ಬರಲಿಲ್ಲವಲ್ಲ ಎಂಬುದಷ್ಟೇ ಅವನ ಬೆರಗು.

ಆಮೇಲೆ 2016 ಬಂತು. ಸೆಪ್ಟೆಂಬರಿನಲ್ಲಿ ಜಿಯೊ ಸಿಮ್ಮು, ನವೆಂಬರಿನಲ್ಲಿ ವಾಟ್ಸಾಪಿನ ವಿಡಿಯೊ ಕರೆ. ನೋಟು ರದ್ದಾದ ಗಲಾಟೆಯಲ್ಲಿ ಬೇರೆಯವರಿಗೆ ಇದು ದೊಡ್ಡ ಸಂಗತಿಯೆನಿಸಿರಲಾರದು. ನಮ್ಮ ಮನೆಯಲ್ಲಿ ಯುಗವೇ ಬದಲಾಯಿತು. ಮಾತಾಡಲು ಎರಡೂ ಕೈ ಬೇಕಾದ್ದರಿಂದ ಫೋನನ್ನು ಉಪ್ಪಿನಕಾಯಿಯ ಜಾಡಿಗೆ ಆನಿಸಿ, ಮುಖಕ್ಕೆ ಬೆಳಕು ಬೀಳುವಂತೆ ಟೇಬಲ್ ದೀಪ ತಿರುಗಿಸಿ ಅಪ್ಪ ಕೂರುತ್ತಿದ್ದ. ಹುಬ್ಬಳ್ಳಿಯಲ್ಲೊಬ್ಬ, ಮಂಗಳೂರಿನಲ್ಲೊಬ್ಬ, ಹಾಸನದಲ್ಲೊಬ್ಬ. ಹಾಸ್ಟೆಲಿನ ಗೆಳೆಯರೆಲ್ಲ ಒಬ್ಬೊಬ್ಬರಾಗಿ ತೆರೆಯ ಮೇಲೆ ಮೂಡಿದರು. ಐವತ್ತೆಂಟರ ಅಪ್ಪ ರಾತ್ರಿ ಒಂದರವರೆಗೆ ಹರಟೆ ಹೊಡೆದು ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಏಳತೊಡಗಿದ. ನಾನು ಕರೆ ಮಾಡಿದರೆ ಲೈನು ಬಿಡುವಿಲ್ಲ. ಸಿಕ್ಕರೂ, ‘ಏನು ವಿಷಯ? ಬೇಗ ಹೇಳು’ ಎಂಬ ಮುಖ. ಕೊರತೆ ಯಾವ ಕಡೆಗಿತ್ತು ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ಈ ಬದಲಾವಣೆ. ಅಪ್ಪನ ಕಿವಿ ಹಾಗೆಯೇ ಇತ್ತು. ತಂತಿ ಮಾತ್ರ ಈಗ ಅವನ ಭಾಷೆಯನ್ನೂ ಹೊರತೊಡಗಿತ್ತು.

ಕಸ್ಟಮರ್ ಕೇರ್ ಒಂದು ಮಾತ್ರ ಬದಲಾಗಿಲ್ಲ. ಖಾತೆದಾರರೇ ಮಾತಾಡಬೇಕು, ಜನ್ಮದಿನಾಂಕವನ್ನು ಅವರ ಬಾಯಿಂದಲೇ ಹೇಳಿಸಬೇಕು ಎನ್ನುತ್ತಾರೆ. ಅಮ್ಮನ ಖಾತೆಗೆ ನಾನೇ ಅಮ್ಮ. ಅಪ್ಪನ ಖಾತೆಗೆ ನನ್ನ ಗಂಡ ಅಪ್ಪ. ಕರೆಗಳನ್ನು ಧ್ವನಿಮುದ್ರಿಸಿಕೊಳ್ಳುತ್ತೇವೆ ಎಂದು ಅವರೇ ಹೇಳುವುದರಿಂದ, ನನ್ನ ಅಪ್ಪನ ಅಧಿಕೃತ ಧ್ವನಿ ಯಾವುದೋ ಸರ್ವರಿನಲ್ಲಿ ಧಾರವಾಡದ ಉಚ್ಚಾರಣೆಯಲ್ಲಿದೆ.

ಮೂರನೆಯವಳು

ಕಿವುಡ ತಂದೆತಾಯಿಗೆ ಹುಟ್ಟಿದ, ಕಿವಿ ಕೇಳುವ ನನ್ನಂಥ ಮಕ್ಕಳಿಗೆ ಅಮೆರಿಕದಲ್ಲಿ ‘ಕೋಡಾ’ (ಚಿಲ್ಡ್ರನ್ ಆಫ್ ಡೆಫ್ ಅಡಲ್ಟ್ಸ್) ಎಂಬ ಹೆಸರಿದೆ, 1983ರಿಂದ ಒಂದು ಸಂಘಟನೆಯೂ ಇದೆ. ಅವರು ಬರೆದುಕೊಂಡದ್ದನ್ನು ಓದುವಾಗ ನನ್ನದೇ ದಿನಚರಿ ಓದಿದಂತಾಗುತ್ತದೆ. ಬಾಲ್ಯ ಬೇಗ ಮುಗಿದದ್ದು, ದೊಡ್ಡವರ ವಿಷಯಗಳು ಎಳೆಯ ಕಿವಿಗೆ ಬಿದ್ದದ್ದು. ಎಲ್ಲವೂ ನಿಜ. ಆದರೆ ಮಗುವಿನ ಹೊರೆಯನ್ನು ಕುರಿತು ಇಷ್ಟು ಮಾತಾಡುವ ನಾವು, ಮಗುವನ್ನು ಮಧ್ಯೆ ಕೂರಿಸಿಕೊಂಡು ಬದುಕಬೇಕಾದ ತಂದೆತಾಯಿ ಕಳೆದುಕೊಂಡದ್ದೇನು ಎಂದು ಕೇಳಿಕೊಂಡದ್ದು ಕಡಿಮೆ. ನನ್ನ ಅಮ್ಮ ಹೆಂಗಸರ ಕಾಯಿಲೆಯ ವೈದ್ಯೆಯ ಮುಂದೆ ಕೂತು, ಏನನ್ನೋ ಹೇಳಲು ಕೈಯೆತ್ತಿ, ನನ್ನ ಮುಖ ನೋಡಿ, ಕೈಯಿಳಿಸಿ, ‘ಸಾಕು, ನಡೆ’ ಎಂದು ಎದ್ದದ್ದು ನನಗೆ ನೆನಪಿದೆ. ನನಗಾಗ ಹತ್ತು ವರ್ಷವಿರಬೇಕು. ವೈದ್ಯೆಯನ್ನೇ ಆಗಲಿ ವಕೀಲರನ್ನೇ ಆಗಲಿ ಮಗಳ ಕಿವಿ ತಪ್ಪಿಸಿ ಏನಾದರೂ ಕೇಳುವ ಅವಕಾಶ ಆ ಹೆಂಗಸಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ನನ್ನ ತರಗತಿಯ ಮಕ್ಕಳ ಅಪ್ಪ ಅಮ್ಮಂದಿರಿಗೆ ಗುಟ್ಟುಗಳಿದ್ದವು. ನನ್ನವರ ಗುಟ್ಟುಗಳೆಲ್ಲ ನನ್ನ ಕೈಯ ಮೂಲಕವೇ ಹಾದುಹೋಗಬೇಕಿತ್ತು, ಇಲ್ಲವೇ ಒಳಗೇ ಉಳಿಯಬೇಕಿತ್ತು.

ಕಾನೂನು ಈಗ ಬೇರೆ ಮಾತಾಡುತ್ತಿದೆ. ಮಾತು ಬಾರದ ಸಾಕ್ಷಿಯ ಹೇಳಿಕೆ ಪಡೆಯಲು ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಬೇಕು, ಅದನ್ನು ವಿಡಿಯೊ ಮಾಡಬೇಕು ಎಂದು 2013ರಲ್ಲಿ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿಯಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂವಹನದ ವಿಧಾನಗಳಲ್ಲಿ ಸನ್ನೆಯನ್ನೂ ಸೇರಿಸಿತು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ, 2024ರಲ್ಲಿ ನಮ್ಮ ಹೈಕೋರ್ಟಿನ ಮುಂದೆ ದುಭಾಷಿಯ ಮೂಲಕ ವಾದಿಸಿದರು. ಆ ಸುದ್ದಿಯ ವಿಡಿಯೊವನ್ನು ಅಪ್ಪ ಎಲ್ಲ ಗೆಳೆಯರಿಗೂ ಕಳಿಸಿದ. ದೆಹಲಿಯ ಸಂಸ್ಥೆಯೊಂದು ಹತ್ತು ಸಾವಿರ ಪದಗಳ ಭಾರತೀಯ ಸನ್ನೆ ಭಾಷೆಯ ವಿಡಿಯೊ ನಿಘಂಟು ಹೊರತಂದದ್ದನ್ನೂ ತೋರಿಸಿದೆ. ಅಪ್ಪ ಒಂದೊಂದೇ ಪದ ನೋಡಿ ‘ಇದು ತಪ್ಪು’, ‘ಇದು ಉತ್ತರದವರದು’, ‘ಇದು ಪರವಾಗಿಲ್ಲ’ ಎಂದು ವಿದ್ವಾಂಸನಂತೆ ತೀರ್ಪು ಕೊಡುತ್ತಾ ಕೂತ. ಹೈಕೋರ್ಟಿಗೆ ಬಂದ ದುಭಾಷಿ ತಾಲ್ಲೂಕು ಕಚೇರಿಗೆ ಬರುವುದು ಯಾವಾಗಲೋ. ಅಲ್ಲಿ ಇನ್ನೂ ಅದೇ ಪ್ರಶ್ನೆ.

ಹೋದ ವರ್ಷ ಅಪ್ಪನ ಕಣ್ಣಿಗೆ ಪೊರೆ ಬಂತು. ಪೊರೆಯ ಶಸ್ತ್ರಚಿಕಿತ್ಸೆ ಎಲ್ಲರಿಗೂ ಸಣ್ಣದು. ಮಂಪರೂ ಇಲ್ಲ, ಕಣ್ಣಿಗೆ ಮಾತ್ರ ಮರಗಟ್ಟುವ ಔಷಧ. ‘ಅಲುಗಾಡಬೇಡಿ’, ‘ಬೆಳಕಿನ ಕಡೆ ನೋಡಿ’, ‘ಇನ್ನೇನು ಮುಗಿಯಿತು’ ಎಂದು ವೈದ್ಯರು ಹೇಳುತ್ತಿರುತ್ತಾರೆ, ರೋಗಿ ಕೇಳಿಸಿಕೊಳ್ಳುತ್ತಿರುತ್ತಾನೆ. ಮುಖದ ಮೇಲೆ ಬಟ್ಟೆ ಹೊದಿಸಿದ ಮೇಲೆ ಅಪ್ಪನಿಗೆ ಯಾವ ದಾರಿಯೂ ಉಳಿಯುವುದಿಲ್ಲ. ಕಿವಿ ಮೊದಲೇ ಇಲ್ಲ, ಕಣ್ಣಿನ ಬಾಗಿಲೂ ಮುಚ್ಚಿತು. ಈ ಸಲ ನಾನು ದುಭಾಷಿಯ ಕೆಲಸ ಮಾಡುವುದಿಲ್ಲ ಎಂದು ಹಟ ಹಿಡಿದೆ. ಬೆಂಗಳೂರಿನಿಂದ ತರಬೇತಾದ ದುಭಾಷಿಯೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಿದೆವು. ಆಸ್ಪತ್ರೆಯ ಕಿಟಕಿಯಲ್ಲಿ ‘ಮಗಳು ನೀವೇ ಇದ್ದೀರಲ್ಲ, ಅವರು ಯಾಕೆ’ ಎಂದು ಕೇಳಿದರು. ‘ನಾನು ಮಗಳು, ಅದಕ್ಕೇ’ ಎಂದೆ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ.

ವೈದ್ಯರು, ದುಭಾಷಿ, ಅಪ್ಪ ಮೂವರೂ ಕೂತು ಮುಟ್ಟುವ ಸಂಕೇತಗಳನ್ನು ಗೊತ್ತುಮಾಡಿಕೊಂಡರು. ಭುಜದ ಮೇಲೆ ಒಂದು ಸಲ ಒತ್ತಿದರೆ ಅಲುಗಬಾರದು, ಎರಡು ಸಲ ತಟ್ಟಿದರೆ ಅರ್ಧ ಆಯಿತು, ಅಂಗೈಯಲ್ಲಿ ಸುತ್ತು ಎಳೆದರೆ ಮುಗಿಯಿತು. ಅಪ್ಪನಿಗೆ ನೋವಾದರೆ ಹೆಬ್ಬೆರಳು ಎತ್ತಬೇಕು. ಇಷ್ಟನ್ನು ನಾನು ಬಾಗಿಲಿನಿಂದ ನೋಡಿದೆ. ಆಮೇಲೆ ಅಪ್ಪ ನನ್ನತ್ತ ತಿರುಗಿ, ‘ನೀನು ಹೊರಗೆ ಕೂರು’ ಎಂದು ಕೈ ಮಾಡಿದ. ಬಾಗಿಲು ಹಾಕಿಕೊಂಡಿತು. ಹತ್ತು ನಿಮಿಷವಾದರೂ ತೆರೆಯಲಿಲ್ಲ. ಇಷ್ಟು ಹೊತ್ತು ವೈದ್ಯರೊಡನೆ ಮಾತಾಡುವಂಥದ್ದು ಅಪ್ಪನಲ್ಲಿ ಏನಿತ್ತು ಎಂದು ನನಗೆ ತಡೆಯಲಾರದ ಕುತೂಹಲ. ಕುರ್ಚಿಯ ತುದಿಗೆ ಸರಿದು, ಬಾಗಿಲ ಗಾಜಿನಲ್ಲಿ ಕೈಗಳ ನೆರಳಾದರೂ ಕಾಣುತ್ತದೆಯೇ ಎಂದು ಇಣುಕಿ ನೋಡಿದೆ, ಕಾಣಲಿಲ್ಲ.

ಚಿಕಿತ್ಸೆ ಚೆನ್ನಾಗಿಯೇ ಆಯಿತು. ಸಂಜೆ ಕಣ್ಣಿನ ಪಟ್ಟಿಯೊಂದಿಗೆ ಮನೆಗೆ ಬರುವಾಗ ಆಟೋದಲ್ಲಿ ಕೇಳಿಯೇ ಬಿಟ್ಟೆ, ಅಷ್ಟು ಹೊತ್ತು ಏನು ಮಾತಾಡಿದೆ ಎಂದು. ಅಪ್ಪ ಉಳಿದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿ, ‘ಅದು ನನಗೂ ಡಾಕ್ಟರಿಗೂ ಸೇರಿದ್ದು’ ಎಂದ. ಅಮ್ಮನನ್ನು ಕೇಳಿದೆ, ತನಗೂ ಹೇಳಿಲ್ಲ ಎಂದಳು, ಅವಳ ಮುಖ ನಂಬುವ ಹಾಗಿರಲಿಲ್ಲ. ದುಭಾಷಿಯವರಂತೂ ಬಾಯಿ ಬಿಡುವವರಲ್ಲ, ಅದು ಅವರ ವೃತ್ತಿಯ ನಿಯಮ. ಮನೆ ಮುಟ್ಟುವ ಹೊತ್ತಿಗೆ ಅಪ್ಪ ಅವರ ಸಂಭಾವನೆ ಎಷ್ಟೆಂದು ವಿಚಾರಿಸಿದ. ಹೇಳಿದೆ. ದುಬಾರಿಯಾಯಿತು ಎಂದು ಗೊಣಗಿದ. ಆಮೇಲೆ, ಇನ್ನೊಂದು ಕಣ್ಣಿನ ಆಪರೇಷನ್ನಿಗೂ ಅವರನ್ನೇ ಈಗಲೇ ಗೊತ್ತುಮಾಡಿಬಿಡು, ಮುಂಚಿತವಾಗಿ ಹೇಳಿದರೆ ಸ್ವಲ್ಪ ಕಡಿಮೆ ಮಾಡುತ್ತಾರೇನೋ ಕೇಳು ಎಂದ.